ಕುಬಿಹಾಳದ ಕೊಂಬು

ನಮ್ಮೂರಿನಿಂದ ಏನಾದರೊಂದು ಎದ್ದು ಹೋಗುವುದು ಹೊಸದಲ್ಲ. ರಾತ್ರಿ ಇಲ್ಲಿ ತಂಗುತ್ತಿದ್ದ ವಸ್ತಿ ಬಸ್ಸು ಯಾವಾಗಿನಿಂದಲೋ ಮುಂದಿನ ಊರಿನಲ್ಲಿ ಮಲಗುತ್ತದೆ. ಬ್ಯಾಂಕು ಕುಂದಗೋಳಕ್ಕೆ ಹೋಯಿತು, ಅದರ ಬೋರ್ಡು ಮಾತ್ರ ಪಾರಿವಾಳಗಳಿಗೆ ಉಳಿಯಿತು. ಪ್ರತಿ ಸಲವೂ ನಾವು ಕಟ್ಟೆಯ ಮೇಲೆ ಕೂತು ಬಯ್ದೆವು, ಚಹಾ ಕುಡಿದೆವು, ಸುಮ್ಮನಾದೆವು. ಆದರೆ ಒಂದು ಕಬಡ್ಡಿ ಟೀಮನ್ನು, ಕೈಕಾಲು ಇರುವ ಜನರನ್ನು, ಹೀಗೆ ಎತ್ತಿಕೊಂಡು ಹೋಗಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ.

ನಾನು ಕುಬಿಹಾಳದ ಟೇಲರ್. ಟೀಮಿನ ಅಂಗಿ ಹೊಲಿಯುವವನೂ ನಾನೇ, ಮ್ಯಾಚಿನ ದಿನ ಮೈಕು ಹಿಡಿಯುವವನೂ ನಾನೇ. ಆ ವರ್ಷದ್ದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಹೇಳಿದರೆ ಕೇಳಿದವರು ನಗುತ್ತಾರೆ. ಅದಕ್ಕೆ ಇನ್ನಷ್ಟು ಸಿಟ್ಟು ಬರುತ್ತದೆ.

ಪ್ರೀತಿಯ ರಸೀದಿ

ಊರ ಹೊರಗೆ ಒಂದು ಕಣ ಇದೆ. ರಾಶಿ ಮಾಡುವ ಮಷಿನ್ನು ಹೊಲಕ್ಕೇ ಬರತೊಡಗಿದ ಮೇಲೆ ಅದಕ್ಕೆ ಕೆಲಸವಿರಲಿಲ್ಲ. ಅದರ ಒಡತಿಯನ್ನು ಊರೆಲ್ಲ ಕಣದಾಯಿ ಎಂದು ಕರೆಯುತ್ತದೆ. ಆಯಿಗೆ ವಯಸ್ಸಾಗಿದೆ, ಅವಳ ಬಾಯಿಗೆ ಆಗಿಲ್ಲ.

ನಮ್ಮದು ಎರೆ ನೆಲ. ಹಸಿಯಿದ್ದರೆ ಚಪ್ಪಲಿ ಕಿತ್ತುಕೊಳ್ಳುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಅದರ ಮೇಲೆ ಕಬಡ್ಡಿ ಆಡಿದರೆ ಮೊಳಕಾಲಿಗೆ ದೇವರೇ ಗತಿ. ಹುಡುಗರು ಜಾಗ ಕೇಳಿದಾಗ ಆಯಿ ಕಣ ಬಿಟ್ಟುಕೊಟ್ಟಳು. ಊರವರು ಕಲಘಟಗಿ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಕೆಂಪು ಮಸಾರಿ ಮಣ್ಣು ತಂದು ಹಾಸಿದರು. ಅಂದಿನಿಂದ ಸಂಜೆಯಾದರೆ ಆಯಿ ಕಟ್ಟೆಯ ಮೇಲೆ ಹಾಜರು. "ಸತ್ತ ಕಣಕ್ಕ ಜೀವ ಬಂತು ನೋಡು" ಎನ್ನುತ್ತಿದ್ದಳು. ನಮಗೂ ಹಾಗೇ ಅನ್ನಿಸುತ್ತಿತ್ತು.

ಟೀಮು ಗೆಲ್ಲತೊಡಗಿತು. ಜಿಲ್ಲೆಯಲ್ಲಿ ದೊಡ್ಡದೊಂದು ಲೀಗು ಶುರುವಾಯಿತು, ಆಟಗಾರರಿಗೆ ಪಗಾರ ಬಂತು. ಲೀಗಿಗೆ ಕಟ್ಟುವಷ್ಟು ರೊಕ್ಕ ಊರಿನಲ್ಲಿ ಯಾರ ಬಳಿಯೂ ಇರಲಿಲ್ಲ. ಹುಬ್ಬಳ್ಳಿಯಲ್ಲಿ ಪೈಪಿನ ವ್ಯಾಪಾರ ಮಾಡುವ ಸಾಹುಕಾರರೊಬ್ಬರು ಟೀಮನ್ನು ಕೊಂಡುಕೊಂಡರು. ಕಣದಲ್ಲೇ ಸಭೆ ಮಾಡಿ ಕೈ ಮುಗಿದು, "ನಾ ಹೆಸರಿಗಷ್ಟ ಮಾಲಕ್ರೀ. ಟೀಮು ಇವತ್ತೂ ನಿಮ್ಮದ, ನಾಳೆನೂ ನಿಮ್ಮದ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಸುಳ್ಳೇಕೆ ಹೇಳಲಿ.

ಆಯಿ ಮಾತ್ರ, "ಟೀಮು ನಮ್ಮದಾದ್ರ ನೀ ರೊಕ್ಕ ಕೊಟ್ಟು ಕೊಂಡಿದ್ದೇನಪಾ?" ಎಂದು ಕೇಳಿದಳು.

"ನಿಮ್ಮ ಪ್ರೀತಿರೀ, ಆಯಿ."

"ಪ್ರೀತಿಗೆ ರಸೀದಿ ಕೊಟ್ಟಾರೇನು?"

ಕರೆದರೆ ಓ ಅನ್ನಬೇಕು

ಒಂದು ಸೀಸನ್ನು ಚೆನ್ನಾಗಿ ನಡೆಯಿತು. ಆಮೇಲೆ ಸಾಹುಕಾರರು ಪಂಚಾಯಿತಿಗೆ ಬಂದು ಬೇಡಿಕೆ ಇಟ್ಟರು. ಕಣದ ಮೇಲೆ ತಗಡಿನ ಶೆಡ್ಡು ಬೇಕು, ಜನ ಕೂರಲು ಮೆಟ್ಟಿಲು ಬೇಕು, ದೊಡ್ಡವರಿಗೆ ಸೋಫಾ ಬೇಕು, ಅವರ ಕಾರಿಗೆ ನೆರಳು ಬೇಕು. ಎಲ್ಲವನ್ನೂ ಊರೇ ಕಟ್ಟಿಸಬೇಕು. ಟಿಕೀಟಿನ ರೊಕ್ಕ ಮಾತ್ರ ಅವರ ಕಿಸೆಗೆ.

ನನಗೆ ತಡೆಯಲಾಗಲಿಲ್ಲ. "ಖರ್ಚು ನಮ್ಮದು, ಗಳಿಕಿ ನಿಮ್ಮದು. ಇದ್ಯಾವ ಲೆಕ್ಕಾರೀ ಸಾವ್ಕಾರ್ರ?" ಎಂದೆ.

"ಟೀಮು ನಿಮ್ಮದ ಅಲ್ಲೇನ್ರೀ ಟೇಲರ್ರ?" ಎಂದರು ಅವರು, ಬಹಳ ಪ್ರೀತಿಯಿಂದ. ಖರ್ಚಿನ ಮಾತು ಬಂದಾಗ ಮಾತ್ರ ಟೀಮು ನಮ್ಮದಾಗುತ್ತದೆ ಎಂದು ಆವತ್ತು ಗೊತ್ತಾಯಿತು.

ಪಂಚಾಯಿತಿ ಮೆಂಬರ ಒಂದು ಉಪಾಯ ತೆಗೆದ. "ಗಟಾರಕ್ಕ ರೊಕ್ಕ ಬಂದೈತಿ. ಅದರಾಗ ಮೆಟ್ಟಲ ಕಟ್ಟೋಣು."

"ಮತ್ತ ಗಟಾರ?" ಎಂದು ಹೆಂಗಸರು ಕೇಳಿದರು.

"ಮೆಟ್ಟಲ ಕೆಳಗ ನೀರು ಬಿಟ್ರ ಅದ ಗಟಾರ."

ಹೆಂಗಸರು ಅವನನ್ನು ಅಲ್ಲಿಂದ ಓಡಿಸಿದರು, ಶೆಡ್ಡಿನ ಮಾತೂ ಅವನ ಹಿಂದೆಯೇ ಓಡಿತು. ಆಗ ಸಾಹುಕಾರರು ದನಿ ಬದಲಿಸಿದರು. ಕಲಘಟಗಿಯಲ್ಲಿ ಒಬ್ಬ ಲೀಡರು ಇದ್ದಾರಂತೆ, ಟೀಮು ಬಂದರೆ ಶೆಡ್ಡು ಪುಕ್ಕಟೆ ಕಟ್ಟಿಸಿ ಕೊಡುತ್ತಾರಂತೆ. "ದಿನಾ ಫೋನ್ ಮಾಡಿ ಕರಿಯಾಕ ಹತ್ಯಾರ್ರೀ. ನಾ ಏನ ಮಾಡ್ಲಿ?"

ಪಂಚಾಯಿತಿ ಕಟ್ಟೆಯ ಮೇಲಿಂದ ಆಯಿ ಹೇಳಿದಳು: "ಕರದ್ರ ಓ ಅನ್ನಬೇಕಪಾ. ಎದ್ದು ಹೋಗಬಾರದು."

ಮಣ್ಣಿನ ವಾದ

ಓಲೈಸಿ ನೋಡೋಣ ಎಂದು ನಾವು ಒಂದು ಟೆಂಪೋ ಜನ ಆ ಲೀಡರ ಬಳಿಗೇ ಹೋದೆವು. ಮನುಷ್ಯ ಮರ್ಯಾದೆಯಿಂದಲೇ ಕೂರಿಸಿದ. ಚುನಾವಣೆ ಹತ್ತಿರ ಇತ್ತು, ಆಗ ಅವನು ನಾಯಿಯನ್ನೂ ಕೂರಿಸುತ್ತಿದ್ದ. ನಮ್ಮ ಮಾತೆಲ್ಲ ಕೇಳಿ ಕೊನೆಗೆ, "ನೀವು ಹಾಸಿದ ಮಣ್ಣು ಎಲ್ಲೀದು?" ಎಂದ.

"ಇಲ್ಲೀದರೀ" ಎಂದೆ.

"ಹಂಗಾದ್ರ ಟೀಮು ಇಷ್ಟು ದಿನಾ ಕಲಘಟಗಿ ಮಣ್ಣಿನ ಮ್ಯಾಲೇ ಆಡೈತಿ. ನಮ್ಮದ ನಮಗ ಬಂದ್ರ ನಿಮಗ್ಯಾಕ ಹೊಟ್ಟಿನೋವು?"

ಅವನ ಮಂದಿ ಮೇಜು ಕುಟ್ಟಿದರು. "ನಮ್ಮ ಮೆಣಸಿನಕಾಯಿ ಹಾಕಿದ ಸಾರು ನೀವು ದಿನಾ ಉಣ್ತೀರಿ" ಎಂದೆ. "ಅದಕ್ಕಂತ ನಾವು ಎಂದಾದ್ರೂ ನಿಮ್ಮ ಹೊಟ್ಟಿ ನಮ್ಮದು ಅಂದೀವೇನು?"

ಊಟ ಮಾಡಿಕೊಂಡು ಹೋಗಿರಿ ಎಂದು ಲೀಡರು ಮೊದಲೇ ಹೇಳಿದ್ದ. ಆಮೇಲೆ ಮತ್ತೆ ಹೇಳಲಿಲ್ಲ.

ಉಳಿದ ಎರಡಕ್ಷರ

ಟೀಮು ಕಲಘಟಗಿಗೆ ಹೋಗುವುದು ಪಕ್ಕಾ ಆದ ಮೇಲೆ ಒಂದು ದಿನ ಸಾಹುಕಾರರು ನನ್ನ ಅಂಗಡಿಗೇ ಬಂದರು, ಕೈಯಲ್ಲಿ ಟೀಮಿನ ಅಂಗಿಗಳ ಗಂಟು. ಬೆನ್ನ ಮೇಲೆ ನಾನೇ ಹಳದಿ ಬಟ್ಟೆ ಕತ್ತರಿಸಿ ಹೊಲಿದ ಅಕ್ಷರಗಳು: ಕು, ಬಿ, ಹಾ, ಳ. ಅವನ್ನು ಬಿಚ್ಚಿ "ಕಲಘಟಗಿ" ಎಂದು ಹಚ್ಚಬೇಕಂತೆ.

ಹುಬ್ಬಳ್ಳಿಯಲ್ಲಿ ಟೇಲರುಗಳಿಗೆ ಬರ ಬಂದಿರಲಿಲ್ಲ. ಆದರೆ ಅಲ್ಲಿಯವರು ಹೊಸ ಅಂಗಿಯೇ ಹೊಲಿಸಿರಿ ಎಂದಿದ್ದರಂತೆ. ಸಾಹುಕಾರರು ಖರ್ಚಿನಲ್ಲಿ ಹಿಡಿತದ ಮನುಷ್ಯ. ಅಕ್ಷರಗಳನ್ನು ಬೆರಳಿನಿಂದ ಸವರಿ, "ಎಲ್ಲಾ ಯಾಕ ಬಿಚ್ಚತೀರಿ? ಈ 'ಕು' ಇರಲಿ. ಅದರ ಕೊಂಬು ಅಷ್ಟ ಕತ್ತರಿಸಿರಿ, 'ಕ' ಆಗ್ತೈತಿ" ಎಂದರು.

ಯಾರಾದರೂ ಸೊಕ್ಕಿನಿಂದ ಮಾತಾಡಿದರೆ ನಾವು "ನಿನಗೇನು ಕೊಂಬು ಬಂದಾವೇನು?" ಎಂದು ಕೇಳುತ್ತೇವೆ. ನಮ್ಮೂರಿಗೆ ಹುಟ್ಟಿದಂದಿನಿಂದ ಇದ್ದದ್ದು ಅದೊಂದೇ ಕೊಂಬು, ಅದೂ ಹೆಸರಿನಲ್ಲಿ. ಅದನ್ನು ನನ್ನ ಕತ್ತರಿಯಿಂದಲೇ ಕತ್ತರಿಸು ಎನ್ನುತ್ತಾನಲ್ಲ ಎಂದು ಮೈಯೆಲ್ಲ ಉರಿಯಿತು. ಆಗುವುದಿಲ್ಲ ಎನ್ನಬೇಕು ಎಂದುಕೊಂಡೆ. ಆದರೆ ಬೇರೆ ಯಾರೋ ಕತ್ತರಿಸಿ ಕಸಕ್ಕೆ ಹಾಕುವುದಕ್ಕಿಂತ ನನ್ನ ಕೈಯಲ್ಲೇ ಆಗಲಿ ಎನಿಸಿತು. ಕತ್ತರಿಸಿದೆ. ಒಂದೊಂದು ಕೊಂಬನ್ನೂ ಗುಂಡಿ ಡಬ್ಬಿಯಲ್ಲಿ ಹಾಕಿಟ್ಟೆ.

ಸಾಹುಕಾರರ ಲೆಕ್ಕ ಇನ್ನೂ ಮುಗಿದಿರಲಿಲ್ಲ. ಬಿಚ್ಚಿದ ಚೂರುಗಳನ್ನು ನೋಡಿ, "ಬಿ ಬಿಡ್ರಿ, ಹರದೈತಿ. ಈ ಎರಡು ಅಕ್ಷರ ಛಲೋ ಅದಾವು. ಇದರಾಗ ಏನರ ಆಗ್ತೈತೇನು?" ಎಂದರು.

"ಆಗಲೇ ಆಗೈತ್ರಿ" ಎಂದೆ. "ಓದಿ ನೋಡ್ರಿ. ಹಾಳ."

ಮೀಸೆ ಬಂದ ಕೂಸು

ಕಲಘಟಗಿಯಲ್ಲಿ ಮೊದಲ ಮ್ಯಾಚು. ಹೋಗಬಾರದು ಎಂದು ಇಡೀ ಊರು ಆಣೆ ಮಾಡಿತ್ತು, ಆದ್ದರಿಂದ ಎರಡು ಟೆಂಪೋ ತುಂಬ ಹೋದೆವು. ಆಯಿ ಡ್ರೈವರನ ಬಾಜು ಕೂತಿದ್ದಳು.

ಬಯಲಿನ ಒಂದು ಮೂಲೆಯಲ್ಲಿ ಭಾರಿ ಫ್ಲೆಕ್ಸು. ಅದರಲ್ಲಿ ಶೆಡ್ಡಿನ ಚಿತ್ರ, ಶೆಡ್ಡಿಗಿಂತ ದೊಡ್ಡದಾಗಿ ಲೀಡರ ಚಿತ್ರ. ಫ್ಲೆಕ್ಸಿನ ಹಿಂದೆ ಒಂದು ಕುಣಿ, ಅದರಲ್ಲಿ ಪೂಜೆ ಮಾಡಿದ ಒಂದು ಕಲ್ಲು. ಮಳೆಗಾಲದೊಳಗೆ ಶೆಡ್ಡು ಏಳುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು.

ಅಲ್ಲಿಯ ಬಣ್ಣದ ತೊಟ್ಟಿಲು ಹೆಸರುವಾಸಿ. ಒಂದನ್ನು ವೇದಿಕೆಯ ಮೇಲೆ ತೂಗುಹಾಕಿ, ಅದರಲ್ಲಿ ನಾನು ಹೊಲಿದ ಅಂಗಿ ಮಲಗಿಸಿ, ಐದು ಜನ ಮುತ್ತೈದೆಯರಿಂದ ತೂಗಿಸಿ ಟೀಮಿಗೆ ಹೊಸ ಹೆಸರು ಇಟ್ಟರು. ಲೀಡರು ಮೈಕು ಹಿಡಿದು, "ಈ ಟೀಮು ಇವತ್ತು ಇಲ್ಲೇ ಹುಟ್ಟೈತಿ. ಇನ್ನ ಮುಂದ ಕಲಘಟಗಿನ ಇದರ ತವರು" ಎಂದ. ಪೇಪರಿನವರು ತವರಿನ ಅಂಗಳ, ತವರಿನ ತಂಡ ಎಂದು ಬರೆಯುತ್ತಾರಲ್ಲ, ಆ ಮಾತು.

ಆಯಿಗೆ ಪೇಪರು ಗೊತ್ತಿಲ್ಲ. ಅವಳಿಗೆ ತವರು ಎಂದರೆ ಹೆಣ್ಣು ಹುಟ್ಟಿದ ಮನೆ. ಎದ್ದೇ ನಿಂತಳು. "ಎಲಾ ಇವನ, ತವರು ಯಾರರ ಬದಲ ಮಾಡ್ತಾರೇನು? ಇದು ಗಂಡನ ಮನಿ ಐತಿ. ತವರು ನನ್ನ ಕಣ."

"ಕೂರ್ರಿ ಅಮ್ಮಾರ, ಈಗಷ್ಟ ತೊಟ್ಟಲಕ್ಕ ಹಾಕೀವಿ" ಎಂದ ಸಂಘಟಕನೊಬ್ಬ.

ಆಗ ಟೀಮು ಸಾಲಾಗಿ ಬಂತು. ಮುಂದೆ ಕ್ಯಾಪ್ಟನ್, ನಮ್ಮೂರವನೇ, ಕಂಬದಂಥ ಮನುಷ್ಯ. ನಮ್ಮನ್ನು ನೋಡಿ ತಲೆ ತಗ್ಗಿಸಿದ. ಪಗಾರ ತಿನ್ನುವವನು ಏನು ಮಾಡಿಯಾನು, ಪಾಪ. ಆಯಿ ಅವನನ್ನು ಮೇಲಿಂದ ಕೆಳಗೆ ನೋಡಿ ಸಂಘಟಕನಿಗೆ ಹೇಳಿದಳು:

"ಛಲೋ ಕೂಸು ಬಿಡಪಾ. ಹುಟ್ಟೂದರಾಗ ಮೀಸಿ ಬಂದಾವು."

ಪಂಚಮಿ

ಚುನಾವಣೆ ಮುಗಿಯಿತು, ಲೀಡರ ಫೋನೂ ಮುಗಿಯಿತು. ಮಳೆ ಹಿಡಿಯಿತು. ಕಲಘಟಗಿ ಕಾಡಿನ ಸೆರಗಿನ ಊರು, ಅಲ್ಲಿ ಮಳೆ ಸುಮ್ಮನೆ ಬಂದು ಹೋಗುವುದಿಲ್ಲ, ಠಿಕಾಣಿ ಹೂಡುತ್ತದೆ. ಕುಣಿಯಲ್ಲಿ ಕಪ್ಪೆಗಳು ಸೇರಿದವು. ಮ್ಯಾಚಿಲ್ಲ, ಟಿಕೀಟಿಲ್ಲ. ಆಟಗಾರರು ಬಾಡಿಗೆಯ ಮಂಗಲ ಕಾರ್ಯಾಲಯದಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದರು. ಕಬಡ್ಡಿ ಆಡುವವರು ಎಷ್ಟು ರೊಟ್ಟಿ ತಿನ್ನುತ್ತಾರೆ ಎಂದು ಸಾಹುಕಾರರಿಗೆ ಆಗಲೇ ಗೊತ್ತಾದದ್ದು.

ನಾಗರ ಪಂಚಮಿ ಹತ್ತಿರ ಬಂತು. ಆಯಿ ನನ್ನ ಅಂಗಡಿಗೆ ಬಂದು, "ಏಳೋ ಟೇಲರಾ. ಪಂಚಮಿಗೆ ಹೆಣ್ಣು ತವರಿಗೆ ಬರಬೇಕು. ಅಣ್ಣ ಆದಾಂವ ಕರಿಯಾಕ ಹೋಗಬೇಕು. ನಡಿ, ಹೋಗೂಣು" ಎಂದಳು. ಶೇಂಗಾ ಉಂಡಿ, ಎಳ್ಳುಂಡಿ, ಜೋಳದ ಅಳ್ಳು ಎಲ್ಲ ಬುಟ್ಟಿಯಲ್ಲಿ ಕಟ್ಟಿದ್ದಳು.

ಹೋಗಿ ಸಾಹುಕಾರರ ಮುಂದೆ ಬುಟ್ಟಿ ಇಟ್ಟೆವು. "ತವರಿನ ಮಾತು ತಗದಾಂವ ನಿಮ್ಮ ಲೀಡರ, ನಾವಲ್ಲ" ಎಂದಳು ಆಯಿ. "ಹಬ್ಬಕ್ಕ ಕಳಸು. ತವರಿಗೆ ಕಳಸದ ಗಂಡಂಗ ಈ ಸೀಮ್ಯಾಗ ಯಾರೂ ನೀರು ಕೊಡಂಗಿಲ್ಲ." ಸಾಹುಕಾರರು ನಕ್ಕರು. ಹಬ್ಬದಷ್ಟು ದಿನದ ಊಟ ಉಳಿಯುತ್ತದೆ ಎಂದು ಅವರ ಮುಖವೇ ಹೇಳುತ್ತಿತ್ತು. "ಕರಕೊಂಡ ಹೋಗ್ರಿ" ಎಂದರು.

ಟೀಮು ಬಂತು. ಹುಡುಗಿಯರನ್ನು ಎಬ್ಬಿಸಿ ಬೇವಿನ ಮರದ ಜೋಕಾಲಿ ಏರಿದರು, ಹಗ್ಗ ಹರಿಯಿತು, ಬಯ್ಗುಳ ತಿಂದರು. ಸಂಜೆಗೆ ಬಿಸಿಲು ಬಿದ್ದು ಕಣ ಒಣಗಿದ್ದೇ ತಡ, ಆಟಕ್ಕೆ ಇಳಿದರು. ಹಬ್ಬ ಮುಗಿಯಿತು. ಯಾರೂ ಹೊರಡಲಿಲ್ಲ. ಸಾಹುಕಾರರು ಫೋನು ಮಾಡಿದರೆ ಆಯಿಯದು ಒಂದೇ ಮಾತು: "ಹೆಣ್ಣು ಹಂಗ ಬರೂದಿಲ್ಲ. ಅಳ್ಯಾ ಬಂದು ಕರಕೊಂಡ ಹೋಗಬೇಕು."

ಅಳಿಯ ಬಂದರು, ಕಾರಿನಲ್ಲಿ, ಸಿಟ್ಟಿನಲ್ಲಿ. ಆಯಿ ಕಾಲಿಗೆ ನೀರು ಕೊಟ್ಟಳು, ಜಮಖಾನ ಹಾಸಿ ಕೂರಿಸಿದಳು, ಹೋಳಿಗೆ ಮೇಲೆ ಹೋಳಿಗೆ ಬಡಿಸಿದಳು. ತುಪ್ಪ ಬೀಳುತ್ತಿರುವಾಗ ಸಿಟ್ಟು ಮಾಡುವುದು ಕಷ್ಟ. ಉಂಡಾದ ಮೇಲೆ ಆಯಿ ಎದುರಿಗೆ ಕೂತಳು.

"ಕಳಸ್ತೀನಪಾ. ಸೂರು ಇಲ್ಲದ ಮನಿಗೆ ಮಾತ್ರ ಹೆಣ್ಣು ಕಳಸೂದಿಲ್ಲ. ಮನಿಗೆ ಸೂರು ಐತೇನು?"

ಸಾಹುಕಾರರು ತಡವರಿಸಿದರು. "ಫ್ಲೆಕ್ಸಿನಾಗ ಐತ್ರೀ."

"ಹೌದಾ? ಹಂಗಾದ್ರ ಹೆಣ್ಣಿನ ಫೋಟೊ ಕೊಡ್ತೀನಿ, ಒಯ್ಯಿ."

ಜಗಲಿಯಲ್ಲಿ ಕೂತಿದ್ದ ಟೀಮು ಬಿದ್ದು ಬಿದ್ದು ನಕ್ಕಿತು. ನಗು ನಿಂತ ಮೇಲೆ ಕ್ಯಾಪ್ಟನ್ ಎದ್ದು, "ಅಲ್ಲಿ ರಾಡ್ಯಾಗ ಜಾರಿ ಕಾಲ ಮುರಕೊಳ್ಳೂದಕ್ಕಿಂತ ಇಲ್ಲೇ ಆಡ್ತೀವ್ರೀ ಸಾವ್ಕಾರ್ರ" ಎಂದ. ಅವನು ಅವರೆದುರು ತಲೆಯೆತ್ತಿ ಮಾತಾಡಿದ್ದು ಆವತ್ತೇ. ಸಾಹುಕಾರರು ಖಾಲಿ ತಾಟಿನಲ್ಲೇ ಬೆರಳಿನಿಂದ ಲೆಕ್ಕ ಬರೆದು ನೋಡಿದರು. ಕೊನೆಗೆ ಟಿಕೀಟಿನ ರೊಕ್ಕದಲ್ಲಿ ಕಣಕ್ಕೊಂದು ಪಾಲು ಕೊಡಲು ಒಪ್ಪಿದರು. ನಿಧಾನಕ್ಕೆ ಸೂರು ಹಾಕೋಣ, ಗಟಾರದ ರೊಕ್ಕ ಗಟಾರಕ್ಕೇ ಇರಲಿ ಎಂದಾಯಿತು. ಆಯಿ ಅವರಿಗೆ ಇನ್ನೊಂದು ಹೋಳಿಗೆ ಹಾಕಿ, "ಹೆಣ್ಣು ಇಲ್ಲೇ ಇರ್ತೈತಿ. ನೀನ ಮನಿ ಅಳ್ಯಾ ಆಗು" ಎಂದಳು.

ಮರುದಿನ ಮನೆ ಅಳಿಯ ಸಾಹುಕಾರರು ಅಂಗಿಗಳ ಗಂಟು ಹೊತ್ತು ನನ್ನ ಅಂಗಡಿಗೆ ಬಂದರು. ಈ ಸಲ ದನಿ ಮೆತ್ತಗಿತ್ತು. "ಟೇಲರ್ರ, ಆ ಕೊಂಬು... ಚೆಲ್ಲಿಲ್ಲ ಹೌದಲ್ರೀ?"

ನಾನು ಗುಂಡಿ ಡಬ್ಬಿ ತೆಗೆದು ಮೇಜಿನ ಮೇಲೆ ಸುರುವಿದೆ. ಒಂದೂ ಕಳೆದಿರಲಿಲ್ಲ. ಉಳಿದ ಅಕ್ಷರ ಆಮೇಲಾಗಲಿ ಎಂದು ಮಷಿನ್ನಿನ ಮುಂದೆ ಕೂತು ಮೊದಲ ಕೊಂಬು ಹಚ್ಚತೊಡಗಿದೆ. ಹೊಲಿಗೆಯ ಮೇಲೆ ಹೊಲಿಗೆ, ಅದರ ಮೇಲೆ ಮತ್ತೊಂದು ಹೊಲಿಗೆ. ಸಾಹುಕಾರರು ಸ್ವಲ್ಪ ಹೊತ್ತು ನೋಡಿ, "ಇಷ್ಟು ದಾರ ಯಾಕ ಹಾಳ ಮಾಡ್ತೀರಿ? ಒಂದು ಹೊಲಿಗಿ ಸಾಕಲ್ರೀ" ಎಂದರು.

"ಸಾಲೂದಿಲ್ರೀ" ಎಂದೆ. "ಮುಂದ ಮತ್ತ ನಿಮ್ಮನ್ನ ಯಾರರ ಕರದು, ನೀವು ಮತ್ತ ಕತ್ತರಿ ಹಿಡದ್ರ, ಅಂಗಿ ಹರೀಬೇಕು. ಕೊಂಬು ಕಿತ್ತು ಬರಬಾರದು."