ನಿಂತು ತಿನ್ನುವ ಗೃಹಪ್ರವೇಶ

ಅನುಮಾನಪಡುವುದಕ್ಕೇ ಸರ್ಕಾರ ನನಗೆ ಸಂಬಳ ಕೊಡುತ್ತಿತ್ತು. ಲೆಕ್ಕಪತ್ರ ತಪಾಸಣೆ ಮಾಡುವ ಕಚೇರಿಯೊಂದರಲ್ಲಿ ನಾನು ಗುಮಾಸ್ತ. ಯಾರಾದರೂ ನಗುತ್ತಾ ನಮಸ್ಕಾರ ಹೇಳಿದರೆ ಅವರ ಫೈಲನ್ನು ಇನ್ನೊಮ್ಮೆ ತೆಗೆದು ನೋಡುತ್ತಿದ್ದೆ. ಸಂಜೆ ಮನೆಗೆ ಬಂದಮೇಲೆ ಅಂಗಿಯನ್ನು ಗೂಟಕ್ಕೆ ಹಾಕುತ್ತಿದ್ದೆ, ಗುಣವನ್ನು ಹಾಕಲು ಗೂಟವಿರಲಿಲ್ಲ. ಚಹಾದಲ್ಲಿ ಸಕ್ಕರೆ ಹೆಚ್ಚಾಗಿದ್ದರೆ ಹೆಂಡತಿ ಮಹಾದೇವಿ ಏನೋ ಕೇಳುವವಳಿದ್ದಾಳೆ ಎಂದು ತಿಳಿದು ಮೊದಲೇ "ಆಗೂದಿಲ್ಲ" ಎಂದುಬಿಡುತ್ತಿದ್ದೆ.

ಊರಿಗೆ ಫೋನು ಮಾಡಬೇಕೆಂದರೆ ಎಸ್.ಟಿ.ಡಿ. ಬೂತಿನ ಮುಂದೆ ಕಾಯಬೇಕಾಗಿದ್ದ ಕಾಲವದು. ಶಹಾಬಜಾರದ ಬಾಡಿಗೆ ಮನೆ ಬಿಟ್ಟು ಅದೇ ಊರಿನ ಗಾಜಿಪುರ ಬಡಾವಣೆಯಲ್ಲಿ ಒಂದು ಸ್ವಂತ ಮನೆ ಕಟ್ಟಿಸಿದ್ದೆವು. ಗೃಹಪ್ರವೇಶಕ್ಕೆ ಬಂದವರಿಗೆ ಏನು ತಿನ್ನಿಸಬೇಕು ಎಂಬ ಜವಾಬ್ದಾರಿಯನ್ನು ನಾನೇ ಹೊತ್ತುಕೊಂಡೆ. ಅಡುಗೆಯವರ ಮೇಲೆ ನನಗೆ ಮೊದಲಿನಿಂದಲೂ ನಂಬಿಕೆ ಕಡಿಮೆ. ತುಪ್ಪದ ಡಬ್ಬಿ ಮುಂಬಾಗಿಲಿನಿಂದ ಬಂದು ಹಿತ್ತಿಲ ಬಾಗಿಲಿನಿಂದ ಹೋಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು.

ಅಷ್ಟರಲ್ಲಿ ನಮ್ಮ ಸಾಹೇಬರ ಮನೆಯ ಪಾರ್ಟಿಗೆ ಹೋಗಿ ಬಂದಿದ್ದೆ. ಅಲ್ಲಿ ಪಂಕ್ತಿಯಿಲ್ಲ, ಪತ್ರಾವಳಿಯಿಲ್ಲ, ಬಡಿಸುವವರ ಗದ್ದಲವಿಲ್ಲ. ಎಲ್ಲರೂ ನಿಂತುಕೊಂಡು ಕೈಯಲ್ಲಿ ಒಂದೊಂದು ತಿಂಡಿ ಹಿಡಿದು ಮಾತಾಡುತ್ತಿದ್ದರು. ಎಷ್ಟು ಸುಲಭ, ಎಷ್ಟು ಶಿಸ್ತು! ಅಲ್ಲಿಯೇ ನನ್ನ ನಿರ್ಧಾರ ಗಟ್ಟಿಯಾಯಿತು.

"ಮಾದೇವಿ, ವಾಸ್ತುಶಾಂತಿಗೆ ಊಟ ಇಲ್ಲ," ಎಂದೆ.

ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದ ಅವಳ ಕೈ ನಿಂತಿತು.

"ಯಾರರ ಸತ್ತಾರೇನ್ರೀ?"

"ಯಾರೂ ಸತ್ತಿಲ್ಲ. ಎಲ್ಲಾರೂ ನಿಂತು ತಿಂತಾರ. ಕೈಯಾಗ ಹಿಡಿಯೂವಂಥಾವು ಮಾಡಿಸ್ತೀನಿ. ಭಜಿ, ಸಮೋಸಾ, ಉಂಡಿ. ಒಂದ ಕೈ ಸಾಕು."

"ಇನ್ನೊಂದು ಕೈಲೆ ಏನ್ ಮಾಡಬೇಕು?"

"ಮಾತಾಡಬೇಕು."

"ನಮ್ಮ ಮಂದಿ ಎರಡೂ ಕೈಲೆ ಮಾತಾಡ್ತಾರ್ರೀ," ಎಂದಳು. ಆಮೇಲೆ ಮೊರ ಕೆಳಗಿಟ್ಟು ಮೆಲ್ಲಗೆ ಹೇಳಿದಳು: "ಕಮಲಾಪುರದಿಂದ ನಮ್ಮ ತವರವರೆಲ್ಲ ಬರ್ತಾರ. ಮನಿಗೆ ಬಂದವರು ಉಂಡು ಹೋಗಬೇಕ್ರೀ. ಅವರು ಹಸದು ಹೋದ್ರ ನಾ ಆ ಊರಾಗ ಹ್ಯಾಂಗ ಮಾರಿ ತೋರಿಸ್ಲಿ?"

"ತಿಂದವರು ಹಸದು ಯಾಕ ಹೋಗ್ತಾರ?" ಎಂದು ನಾನು ವಾದ ಮುಗಿಸಿದೆ. ಅವಳು "ಆತು ಬಿಡ್ರಿ" ಎಂದಳು. ಮದುವೆಯಾದಾಗಿನಿಂದ ಅವಳು ಇಷ್ಟು ಬೇಗ "ಆತು ಬಿಡ್ರಿ" ಅಂದವಳಲ್ಲ. ನನ್ನ ಕಿವಿ ನೆಟ್ಟಗಾದವು.

ತಿಂಡಿಗಳ ಆಯ್ಕೆಯನ್ನು ಕಚೇರಿಯ ಕಟ್ಟುನಿಟ್ಟಿನಲ್ಲಿಯೇ ನಡೆಸಿದೆ. ಸೋರುವ ಪದಾರ್ಥ ಬೇಡ. ಎರಡನೆಯ ಕೈ ಬೇಡುವ ಪದಾರ್ಥ ಬೇಡ. ಇಡ್ಲಿ ಬಂದರೆ ಹಿಂದೆಯೇ ಚಟ್ನಿ ಬರುತ್ತದೆ, ಚಟ್ನಿ ಬಂದರೆ ತಾಟು ಬೇಕಾಗುತ್ತದೆ, ಆದ್ದರಿಂದ ಇಡ್ಲಿ ಬೇಡ. ಚುರುಮುರಿ ಚೂಡಾ ನೆಲಕ್ಕೆ ಎಷ್ಟು ಬಿತ್ತು, ಹೊಟ್ಟೆಗೆ ಎಷ್ಟು ಹೋಯಿತು ಎಂಬುದನ್ನು ಯಾರೂ ಪತ್ತೆಹಚ್ಚಲಾರರು, ಅದೂ ಬೇಡ. ಕೊನೆಗೆ ಮೆಣಸಿನಕಾಯಿ ಭಜಿ, ಸಮೋಸಾ ಮತ್ತು ಶೇಂಗಾ ಉಂಡಿ ತೇರ್ಗಡೆಯಾದವು. ಅವುಗಳ ಜೊತೆಗೆ ನನ್ನದೇ ಒಂದು ಸಂಶೋಧನೆ: ಮೆತ್ತನೆಯ ಜೋಳದ ರೊಟ್ಟಿಗೆ ಬೆಣ್ಣೆ, ಶೇಂಗಾ ಹಿಂಡಿಯ ಚಟ್ನಿಪುಡಿ ಸವರಿ, ಸುರುಳಿ ಸುತ್ತಿ, ಬೆರಳುದ್ದ ಕತ್ತರಿಸಿ, ಬಿಚ್ಚಿಕೊಳ್ಳದಂತೆ ಒಂದೊಂದಕ್ಕೆ ಒಂದೊಂದು ಹಲ್ಲುಕಡ್ಡಿ ಚುಚ್ಚುವುದು. ಸಾಹೇಬರ ಮನೆಯಲ್ಲಿ ಕಡ್ಡಿ ಚುಚ್ಚಿದ್ದನ್ನು ನೋಡಿದ್ದೆ. ರೊಟ್ಟಿಗೆ ಚುಚ್ಚಿದವನು ಮಾತ್ರ ನಾನೇ ಮೊದಲಿಗನಿರಬೇಕು.

ಎಲ್ಲಕ್ಕಿಂತ ಕೊನೆಗೆ ಕಮಲಾಪುರದ ಕೆಂಪು ಬಾಳೆಹಣ್ಣು. ಕಾಯಿಸುವುದಿಲ್ಲ, ಕರಿಯುವುದಿಲ್ಲ, ದೇವರೇ ಸುತ್ತಿ ಕಳಿಸಿದ ತಿಂಡಿ.

"ಹಣ್ಣು ನಮ್ಮ ಶರಣಪ್ಪ ತೋಟದಿಂದ ತರ್ತಾನ," ಎಂದಳು ಮಹಾದೇವಿ. ಶರಣಪ್ಪ ಅವಳ ತಮ್ಮ, ಕಮಲಾಪುರದಲ್ಲಿ ಒಕ್ಕಲುತನ ಮಾಡಿಕೊಂಡಿದ್ದವನು. ಅವನು ಹಣ್ಣು ತರುವುದೆಂದರೆ ಟೆಂಪೋದಲ್ಲಿ ತರುವುದು. ಹಣ್ಣಿನ ಕೆಳಗೆ ಇನ್ನೇನು ಬೇಕಾದರೂ ಬರಬಹುದು.

"ಬ್ಯಾಡ. ನಾನ ತರ್ತೀನಿ," ಎಂದು ಹಿಂದಿನ ದಿನ ಬಜಾರಿಗೆ ಹೋಗಿ, ಇದ್ದುದರಲ್ಲಿಯೇ ಕಡುಕೆಂಪಾದ ಗೊನೆಗಳನ್ನು ಆರಿಸಿ ತಂದೆ.

ನನ್ನ ಅನುಮಾನಕ್ಕೆ ಸಾಕ್ಷಿಗಳು ಒಂದೊಂದಾಗಿ ಸಿಗತೊಡಗಿದ್ದವು. ಹೊಸ ಮನೆಯ ಪಕ್ಕದ ಗುಂಡಮ್ಮನ ಮನೆಯಲ್ಲಿ ಫೋನಿತ್ತು, ಒಂದು ಎಮ್ಮೆಯಿತ್ತು. ಹೊಸ ಮನೆ ಗುಡಿಸಿ ಬರುವ ನೆಪದಲ್ಲಿ ಮಹಾದೇವಿ ಮೇಲಿಂದ ಮೇಲೆ ಅಲ್ಲಿಗೆ ಹೋಗತೊಡಗಿದಳು. ಎಮ್ಮೆಯನ್ನು ನೋಡಲು ಹೋಗುವವಳಲ್ಲ. ಒಂದು ಸಂಜೆ ನಾನು ಕಾಂಪೌಂಡಿನ ಗೋಡೆಗೆ ಕಿವಿಯಾನಿಸಿ ನಿಂತೆ. ಒಳಗಿನಿಂದ ಅವಳ ದನಿ ಸ್ಪಷ್ಟವಾಗಿ ಕೇಳಿಸಿತು.

"ಹೂಂ, ಹುಗ್ಗಿಗೆ ಗೋಧಿ ಕುಟ್ಟಿಸಿಡು ಶರಣಾ. ಟೆಂಪೋ ಹಿಂದಿನ ಓಣಿಗೆ ತಗೊಂಡ್ ಬಾ. ಇವ್ರಿಗೆ ಗೊತ್ತಾಗಬಾರ್ದು."

ಅವಳು ಮನೆಗೆ ಬಂದಾಗ ಏನೂ ಅರಿಯದವನಂತೆ ಕೇಳಿದೆ: "ಯಾರಿಗೆ ಫೋನ್ ಮಾಡಿದ್ದಿ?"

"ಅವ್ವಗ್ರೀ. ಕಾಲು ನೋಯಾಕತ್ತಾವಂತ."

ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಇಂಥ ನಿಪುಣೆ ನಮ್ಮ ಕಚೇರಿಯಲ್ಲಿರಬೇಕಿತ್ತು. ನನ್ನ ಸರಳ ಸುಂದರ ಯೋಜನೆಯನ್ನು ಮಣ್ಣುಗೂಡಿಸಲು ಇಡೀ ಊಟವನ್ನೇ ಕಳ್ಳತನದಿಂದ ಸಾಗಿಸುವ ಸಂಚು ಇದೆಂದು ಖಾತ್ರಿಯಾಯಿತು. ನಾನು ಬಾಯಿ ಬಿಡಲಿಲ್ಲ. ಕಳ್ಳನನ್ನು ಮಾಲಿನ ಸಮೇತ ಹಿಡಿಯಬೇಕು.

ಗೃಹಪ್ರವೇಶದ ದಿನ ಪೂಜೆ ಮುಗಿಯಿತು, ಹಾಲು ಉಕ್ಕಿತು. ಜನ ಬರತೊಡಗಿದರು. ತಿಂಡಿಯ ತಟ್ಟೆ ಹಿಡಿದು ತಿರುಗುವ ಕೆಲಸವನ್ನು ಕಚೇರಿಯ ಗೆಳೆಯರಿಗೆ ಒಪ್ಪಿಸಿ ನಾನು ಹಿಂದಿನ ಓಣಿಯಲ್ಲಿ ಹೋಗಿ ನಿಂತೆ. ಹೊಸ ಪಂಚೆ, ಹಣೆಯ ತುಂಬ ವಿಭೂತಿ, ಕಣ್ಣು ಮಾತ್ರ ಚೆಕ್‌ಪೋಸ್ಟಿನವರದು.

ಟೆಂಪೋ ಬಂತು. ಮೇಲೆ ತಾಡಪತ್ರಿ ಮುಚ್ಚಿತ್ತು. ಶರಣಪ್ಪ ಇಳಿದವನೇ ನನ್ನ ಕಾಲಿಗೆ ಬಿದ್ದ. ಕಾಲಿಗೆ ಬಿದ್ದದ್ದರಿಂದ ಅನುಮಾನ ಇನ್ನೂ ಹೆಚ್ಚಾಯಿತು.

"ಒಳಗ ಏನದ?"

"ಮೇವು, ಮಾವಾರ."

"ಮೇವಿಗೆ ತುಪ್ಪದ ವಾಸನಿ ಇರ್ತದೇನು?"

ತಾಡಪತ್ರಿ ಎತ್ತಿದೆ. ಒಂದು ಕೊಪ್ಪರಿಗೆ ತುಂಬ ಗೋಧಿ ಹುಗ್ಗಿ. ಇನ್ನೊಂದರಲ್ಲಿ ಎಣ್ಣೆ ಬದನೆಕಾಯಿ. ಬಿಳಿ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿಯ ಗಂಟುಗಳು. ಅನ್ನ, ಬೇಳೆಸಾರು, ಪತ್ರಾವಳಿಯ ಕಟ್ಟು. ನನ್ನ ಬಾಯಲ್ಲಿಯೂ ನೀರು ಬಂತು. ನುಂಗಿಕೊಂಡೆ.

"ಗಾಡಿ ಹೊಳ್ಳಸು."

"ಅಕ್ಕಗ ಒಂದ್ ಮಾತ್ ಕೇಳಿ..."

"ಬ್ಯಾಡ. ಹೊಳ್ಳಸು ಅಂದೆ."

"ಆತು ಮಾವಾರ," ಎಂದು ಅವನು ಸುಮ್ಮನೆ ಗಾಡಿ ಹತ್ತಿದ. ಅಕ್ಕ, ತಮ್ಮ ಇಬ್ಬರಿಗೂ ಒಂದೇ ಮಾತು, ಆತು. ಇವನು ಸುತ್ತು ಹಾಕಿ ಮುಂಬಾಗಿಲಿನಿಂದ ಬರುತ್ತಾನೆ ಎಂದು ನನಗೆ ಹೊಳೆಯಿತು. ಆದ್ದರಿಂದ ನಾನೂ ಹತ್ತಿ ಅವನ ಪಕ್ಕದಲ್ಲಿ ಕುಳಿತೆ. ಊರು ದಾಟಿ ಕಮಲಾಪುರದ ಕಡೆ ಹೋಗುವ ಹುಮನಾಬಾದ ರಸ್ತೆ ಹಿಡಿಯುವವರೆಗೆ ಕುಳಿತೇ ಇದ್ದೆ. ಅಲ್ಲಿ ಇಳಿದು, ಟೆಂಪೋ ಕಣ್ಣಿಗೆ ಕಾಣದಂತಾಗುವವರೆಗೆ ರಸ್ತೆಯ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತೆ. ಅಂಥ ಆನಂದ ನನಗೆ ನೌಕರಿ ಸಿಕ್ಕಾಗಲೂ ಆಗಿರಲಿಲ್ಲ.

ಆಟೋ ಸಿಗಲಿಲ್ಲ. ಬಿಸಿಲಿನಲ್ಲಿ ನಡೆದುಕೊಂಡು ಮನೆ ಮುಟ್ಟುವಷ್ಟರಲ್ಲಿ ವಿಭೂತಿಯೆಲ್ಲ ಬೆವರಾಗಿ ಕತ್ತಿಗಿಳಿದಿತ್ತು. ತಟ್ಟೆಗಳೆಲ್ಲ ಖಾಲಿಯಾಗಿದ್ದವು. ಗೆದ್ದೆ ಎಂದುಕೊಂಡೆ. ಕಚೇರಿಯ ಗೆಳೆಯರು ಕೈ ಒರೆಸಿಕೊಂಡು ಹೋಗಿಬಿಟ್ಟಿದ್ದರು. ನೆಂಟರು ಮಾತ್ರ ಹಾಲ್‌ನಲ್ಲಿ, ಪಡಸಾಲೆಯಲ್ಲಿ ಸಾಲಾಗಿ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು. ಎಲ್ಲರೂ ಕೈ ತೊಳೆದುಕೊಂಡಿದ್ದರು. ಸಾಲಿನ ಮೊದಲಲ್ಲಿ ಮಹಾಗಾಂವದಿಂದ ಬಂದ ನನ್ನ ಸೋದರತ್ತೆ ನಾಗಮ್ಮ.

"ಬಾ ತಮ್ಮಾ. ನಾಷ್ಟಾ ಛಲೋ ಆಗ್ಯಾದ. ಇನ್ನ ಪತ್ರೋಳಿ ಹಾಕಸು," ಎಂದಳು.

"ಅತ್ತಿ, ಅದ ಊಟ."

"ಯಾವುದು?"

"ಈಗ ತಿಂದಿರಲ್ಲ, ಅದು."

ಅತ್ತೆ ಕೈಯಲ್ಲಿದ್ದ ಹಲ್ಲುಕಡ್ಡಿಯನ್ನು ನೋಡಿದಳು. ನನ್ನನ್ನು ನೋಡಿದಳು. "ಅದಕ್ಕ ನನಗ ಆಗಿನಿಂದ ಸಂಶೆ. ಉಣ್ಣೂಕಿಂತ ಮೊದಲ ಹಲ್ಲಿನ ಕಡ್ಡಿ ಯಾಕ ಕೊಟ್ಟಾನಂತ."

ಆ ಮನೆಯಲ್ಲಿ ಅಲ್ಲಿಯವರೆಗೆ ಅನುಮಾನಪಡುತ್ತಿದ್ದವನು ನಾನೊಬ್ಬನೇ. ಈಗ ಎಲ್ಲರೂ ಶುರು ಮಾಡಿದರು. ಹಿರಿಯರೊಬ್ಬರು ಎದ್ದು ಅಡುಗೆಮನೆಗೆ ಹೋಗಿ ಬಂದು, "ಒಲಿ ತಣ್ಣಗದ," ಎಂದು ವರದಿ ಒಪ್ಪಿಸಿದರು. "ಸಾಹೇಬ್ರು ಬರ್ತಿರಬೇಕು, ಅವ್ರಿಗೆ ಬ್ಯಾರೆ ಮಾಡಿಸಿ ಎಲ್ಲೋ ಮುಚ್ಚಿಟ್ಟಾನ," ಎಂದು ಹಿಂದಿನ ಸಾಲಿನಿಂದ ಒಂದು ದನಿ ಬಂತು. ಮನೆ ನೋಡುವ ನೆಪದಲ್ಲಿ ನಾಲ್ಕಾರು ಮಂದಿ ಎದ್ದು ಕೋಣೆಗಳ ಬಾಗಿಲು ತೆಗೆದರು. ಒಬ್ಬರು ಮಂಚದ ಕೆಳಗೆ ಬಗ್ಗಿದರು. ಇನ್ನೊಬ್ಬರು ಗೋಡೆಗೆ ಬೆರಳಿನಿಂದ ತಟ್ಟಿ, "ಮನಿ ಖರೇನ ನಿನ್ನ ಹೆಸರಿಲೆ ಅದನೋ?" ಎಂದು ಕೇಳಿದರು. ಜೀವನವಿಡೀ ತಪಾಸಣೆ ಮಾಡಿದವನ ಮನೆ ನನ್ನ ಕಣ್ಣೆದುರಿಗೇ ತಪಾಸಣೆಯಾಗುತ್ತಿತ್ತು.

ಮಹಾದೇವಿ ಬಾಗಿಲ ಹತ್ತಿರ ನಿಂತು ಹಿಂದಿನ ಓಣಿಯ ಕಡೆ ನೋಡುತ್ತಿದ್ದಳು. ಯಾರ ದಾರಿ ಕಾಯುತ್ತಿದ್ದಾಳೆಂದು ನನಗೆ ಗೊತ್ತಿತ್ತು.

ಮರ್ಯಾದೆ ಉಳಿಸಿಕೊಳ್ಳಲು ಬಾಳೆಗೊನೆ ಹೊತ್ತು ತಂದೆ. "ಹಣ್ಣರ ತಗೋರಿ, ನಿಮ್ಮೂರ ಹಣ್ಣು." ಕಮಲಾಪುರದವರು ಒಂದೊಂದನ್ನು ಬೆರಳಿನಿಂದ ಒತ್ತಿ ನೋಡಿ ಹಾಗೆಯೇ ಕೆಳಗಿಟ್ಟರು. ಅತ್ತೆ ಮಾತ್ರ ಸಿಪ್ಪೆ ಬಿಡಿಸಲು ಪ್ರಯತ್ನಪಟ್ಟಳು. ಸಿಪ್ಪೆ ಬಿಡಲಿಲ್ಲ.

"ತಮ್ಮಾ, ಇದು ಕಾಯಿ."

"ಕೆಂಪಗದಲ್ಲ ಅತ್ತಿ?"

"ಅದು ಹುಟ್ಟಿದಾಗಿಂದ ಕೆಂಪಗ ಇರ್ತದೋ."

ಯಾರೋ ನಕ್ಕರು. ಆ ನಗುವಿನಲ್ಲಿ ಹಸಿವೂ ಇತ್ತು.

ಆಗ ಗೋಡೆಯ ಆಚೆಯಿಂದ ಗುಂಡಮ್ಮ ಕೂಗಿದಳು: "ಮಾದೇವಿ, ನಿನಗ ಫೋನ್ ಬಂದದ ನೋಡವಾ." ಮಹಾದೇವಿ ಹೋಗಿ ಬಂದಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದಳು. ಅಳು ತಡೆದುಕೊಂಡಿದ್ದಾಳೆ ಎಂದುಕೊಂಡೆ. ಅತ್ತೆಯ ಕಿವಿಯಲ್ಲಿ ಏನೋ ಹೇಳಿದಳು. ಅತ್ತೆ ಎದ್ದಳು, ಅವಳ ಹಿಂದೆ ಇಡೀ ಸಾಲು ಎದ್ದಿತು. "ಬಸ್ಸಿಗೆ ಹೊತ್ತಾತು," ಎನ್ನುತ್ತಾ ಎಲ್ಲರೂ ಚಪ್ಪಲಿ ಹುಡುಕತೊಡಗಿದರು. ನನ್ನ ಮುಖ ಕೂಡ ನೋಡಲಾರದೆ ಓಡುತ್ತಿದ್ದಾರೆ ಎನಿಸಿ ತಲೆ ತಗ್ಗಿಸಿದೆ.

"ನಾ ಎಲ್ಲಾರ್ನೂ ಬಸ್ ಹತ್ತಿಸಿ ಬರ್ತೀನ್ರೀ," ಎಂದು ಮಹಾದೇವಿಯೂ ಹೊರಟಳು.

ಹೊಸ ಮನೆಯಲ್ಲಿ ನಾನೊಬ್ಬನೇ ಉಳಿದೆ. ತಟ್ಟೆಯ ಮೂಲೆಯಲ್ಲಿದ್ದ ಭಜಿಯ ಚೂರುಗಳನ್ನು ಆರಿಸಿ ತಿಂದೆ. ಒಂದು ಬಾಳೆಕಾಯಿಯನ್ನೂ ಕಚ್ಚಿ ನೋಡಿದೆ. ಬಾಯಿ ಒಗರಾಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು.

ಅವಳು ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಟೆಂಪೋ ತಿರುಗಿಸಿ ಕಳಿಸಿದ್ದಕ್ಕೆ ಜಗಳ ತೆಗೆಯುತ್ತಾಳೆ ಎಂದು ಉತ್ತರಗಳನ್ನು ಸಿದ್ಧ ಮಾಡಿಕೊಂಡಿದ್ದೆ. ಅವಳು ಚಪ್ಪಲಿ ಬಿಟ್ಟು ಒಳಗೆ ಬಂದು ದೀಪ ಹಚ್ಚಿದಳು.

"ನೀ ಏನರ ಉಣ್ಣಲ್ಲೇನು?" ಎಂದೆ.

"ನನಗ ಹಸಿವಿಲ್ರೀ," ಎಂದಳು.

ತವರವರು ಹಸಿದು ಹೋದರೆಂದು ಇವಳು ಉಪವಾಸ ಕುಳಿತಿದ್ದಾಳಲ್ಲ. ಹುಟ್ಟಿದಾಗಿನಿಂದ ಯಾರ ಮಾತನ್ನೂ ನಾನು ಹಾಗೆ ನಂಬಿದವನಲ್ಲ. ಅವತ್ತು ಪೂರ್ತಿ ನಂಬಿದೆ. ಕಣ್ಣಲ್ಲಿ ನೀರು ಬಂತು.

ಅವಳು ಒಂದು ಡಬ್ಬಿ ತಂದು ಮುಂದಿಟ್ಟಳು. "ಗುಂಡಮ್ಮ ಕೊಟ್ಟಾಳ. ಉಣ್ರಿ."

ಗುಂಡಮ್ಮ! ಸಂಚಿಗೆ ಫೋನು ಕೊಟ್ಟವಳು. ಸಂಚು ಕೆಟ್ಟಮೇಲೆ ನನಗೆ ಅಕ್ಕರೆಯಿಂದ ಡಬ್ಬಿ ಯಾಕೆ ಕಳಿಸುತ್ತಾಳೆ? ಹೆಂಡತಿಯ ಮೇಲಿಂದ ಎದ್ದ ಅನುಮಾನವೆಲ್ಲ ಹೋಗಿ ಡಬ್ಬಿಯ ಮೇಲೆ ಕುಳಿತಿತು. ಮುಚ್ಚಳ ಕೂಡ ಸರಿಯಾಗಿ ತೆಗೆದು ನೋಡದೆ, ಕತ್ತಲಲ್ಲಿ ಹಿತ್ತಿಲಿಗೆ ಒಯ್ದು, ಗೋಡೆಯ ಆಚೆಗಿದ್ದ ಗುಂಡಮ್ಮನ ಎಮ್ಮೆಯ ಮುಂದೆಯೇ ಹಿಡಿದೆ. ಅವರ ಮಾಲು ಅವರಿಗೇ ಜಮಾ. ಎಮ್ಮೆ ಒಂದೇ ಉಸಿರಿಗೆ ತಿಂದು, ಡಬ್ಬಿಯ ತಳದವರೆಗೆ ನಾಲಿಗೆ ಹಾಕಿ ನೆಕ್ಕಿತು. ನಾನು ನೀರು ಕುಡಿದು ಮಲಗಿದೆ.

ಆಮೇಲೆ ಶುರುವಾಯಿತು ನಿಜವಾದ ಹಿಂಸೆ. ಬಜಾರಿನಲ್ಲಿ ಸಿಕ್ಕ ಕಮಲಾಪುರದವರೊಬ್ಬರು, "ನಿಮ್ಮ ವಾಸ್ತುವಿನ ಊಟ ಭಾಳ ಛಲೋ ಆತ್ರಿ," ಎಂದರು. ಅಣಕಿಸುತ್ತಿದ್ದಾರೆ ಎಂದುಕೊಂಡೆ. ಮಹಾಗಾಂವದಿಂದ ಅತ್ತೆ ಹೇಳಿಕಳಿಸಿದಳು: "ಅಂಥಾ ಹುಗ್ಗಿ ನಾ ಎಲ್ಲೂ ಉಂಡಿಲ್ಲಂತ ತಮ್ಮಗ ಹೇಳ್ರಿ." ರಕ್ತಸಂಬಂಧಿಯೇ ಹೀಗೆ ಕುಟುಕಿದರೆ ಹೇಗೆ? ಊರಿಗೆ ಊರೇ ಸೇರಿ ನನ್ನನ್ನು ಆಡಿಕೊಳ್ಳುತ್ತಿದೆ ಎಂದು ನಿದ್ದೆಗೆಟ್ಟೆ. ಕೊನೆಗೆ ತಡೆಯಲಾರದೆ, ಕೈಮುಗಿದು ತಪ್ಪೊಪ್ಪಿಕೊಂಡುಬಿಡೋಣ ಎಂದು ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ.

ಶರಣಪ್ಪ ತೋಟದಲ್ಲಿದ್ದ. ನಾನು ಕೈಮುಗಿಯುವ ಮೊದಲೇ ಅವನು ನಗುತ್ತಾ ಎದುರು ಬಂದ.

"ಮಾವಾರ, ನೀವು ಗಾಡಿ ಹೊಳ್ಳಿಸಿದ್ದ ಛಲೋ ಆತು ನೋಡ್ರಿ. ಮಹಾಗಾಂವ ಕ್ರಾಸಿನ್ಯಾಗ ನಿಲ್ಲಿಸಿ ಬೂತಿನಿಂದ ಅಕ್ಕಗ ಫೋನ್ ಹಚ್ಚಿದೆ. ಎಲ್ಲಾರ್ನೂ ಬಸ್ಸಿನ್ಯಾಗ ಕರಕೊಂಡು ಬಂದೇ ಬಿಟ್ಟಳು. ಬೇವಿನ ಗಿಡದ ಬುಡಕ ಸಾಲು ಕುಂದ್ರಿಸಿ ಬಡಿಸಿದ್ವಿ. ಬಸ್ಸಿನ ಡ್ರೈವರನೂ ಇಳದು ಉಂಡ."

"ನಿಮ್ಮಕ್ಕ?" ಎಂದೆ.

"ಅಕ್ಕ ಎಲ್ಲಾರಿಗೂ ಬಡಿಸಿ ಆಮ್ಯಾಲ ಕುಂತಳು. ಹುಗ್ಗಿ ಮತ್ತ ಮತ್ತ ಹಾಕಿಸ್ಕೊಂಡಳ್ರೀ. ಏಳಾಕ ಆಗವಲ್ದು ಅಂತ ನಗ್ತಿದ್ದಳು."

"ನನಗ ಹಸಿವಿಲ್ರೀ." ನನ್ನ ಕಣ್ಣೀರು ನೆನಪಾಗಿ ಕಿವಿ ಬಿಸಿಯಾದವು.

"ನಿಮಗೂ ಒಂದು ಡಬ್ಬಿ ಕಟ್ಟಿ ಕಳಿಸಿದ್ನಲ್ರೀ," ಎಂದ ಶರಣಪ್ಪ. "ನನ್ನ ಹೆಸರು ಹೇಳಿದ್ರ ನೀವು ಮುಟ್ಟಂಗಿಲ್ಲಂತ, ಗುಂಡಮ್ಮ ಕೊಟ್ಟಾಳಂತ ಹೇಳ್ತೀನಿ ಅಂದಳು ಅಕ್ಕ. ಹುಗ್ಗಿ ಹ್ಯಾಂಗಿತ್ತು ಮಾವಾರ?"

ಅವನು ನನ್ನ ಮುಖವನ್ನೇ ನೋಡುತ್ತಿದ್ದ.

"ಡಬ್ಬಿ ನೆಕ್ಕೂಹಂಗ ಇತ್ತು," ಎಂದೆ.

ಅದು ಸುಳ್ಳಲ್ಲ. ನೆಕ್ಕಿದ್ದನ್ನು ನಾನೇ ಕಣ್ಣಾರೆ ನೋಡಿದ್ದೆ.