ಕತ್ತರಿ ಮತ್ತು ಗೋಂದಿನ ಕಚೇರಿಗೆ, ಕೋಳಿ ಶೆಡ್ಡಿನಿಂದ

ಹಕ್ಕಿಜ್ವರ ನಿಗಾ ಘಟಕದ ಮುಖ್ಯಾಧಿಕಾರಿಗಳ ದಿವ್ಯ ಸನ್ನಿಧಿಗೆ, ಮೊಟ್ಟೆ ಫಾರಂನ ಎರಡನೇ ಶೆಡ್ಡಿನಲ್ಲಿ ಸತ್ತ ಕೋಳಿಗಳನ್ನು ಎತ್ತುವ ಕೆಲಸದವನು ಸೋಪು ಹಚ್ಚಿ ಎರಡು ಸಲ ಕೈ ತೊಳೆದುಕೊಂಡು ಮಾಡುವ ನಮಸ್ಕಾರಗಳು.

ಮಾನ್ಯರೇ,

ಮೂರು ತಿಂಗಳ ಹಿಂದೆ ಎಲ್ಲರ ನಿದ್ದೆಗೆಡಿಸಿದ್ದ ಹಕ್ಕಿಜ್ವರವನ್ನು ತಾವು ಲಸಿಕೆಯಿಲ್ಲದೆ, ಔಷಧಿಯಿಲ್ಲದೆ, ಕುರ್ಚಿಯಿಂದ ಏಳುವ ತೊಂದರೆಯನ್ನೂ ತೆಗೆದುಕೊಳ್ಳದೆ ಗುಣಪಡಿಸಿದ್ದೀರೆಂಬ ಸಂಗತಿ ಕಳೆದ ಸೋಮವಾರ ತಮ್ಮ ಕಚೇರಿಯಲ್ಲಿ ತಿಳಿದುಬಂತು. ಇಷ್ಟು ದೊಡ್ಡ ಸಾಧನೆ ಇಷ್ಟು ದಿನ ನನ್ನ ಗಮನಕ್ಕೆ ಬಾರದೆ ಹೋದದ್ದಕ್ಕೆ ಕ್ಷಮೆ ಇರಲಿ. ದಿನವಿಡೀ ಬಗ್ಗಿಕೊಂಡೇ ಕೆಲಸ ಮಾಡುವವನಿಗೆ ದೊಡ್ಡವರ ಸಾಧನೆಗಳು ಕಾಣುವುದು ಕಷ್ಟ.

ಆಗಿನ ವೈಭವ ತಮಗೆ ನೆನಪಿರಬಹುದು. ನಮ್ಮ ಗೇಟಿನ ಮುಂದೆ ಟೀವಿಯವರ ಗಾಡಿಗಳು ಸಾಲುಗಟ್ಟಿದ್ದವು. ಬೆಳಕು ಸರಿಯಿಲ್ಲವೆಂದು ಒಬ್ಬ ವರದಿಗಾರ ನನ್ನಿಂದ ಒಂದೇ ಸತ್ತ ಕೋಳಿಯನ್ನು ನಾಲ್ಕು ಸಲ ಎತ್ತಿಸಿದ. ತಾವು ಬಿಳಿ ರಕ್ಷಾಕವಚ ತೊಟ್ಟು ಬಂದು, ಶೆಡ್ಡಿನ ಬಾಗಿಲಲ್ಲಿಟ್ಟ ಔಷಧಿ ನೀರಿನ ತಟ್ಟೆಯಲ್ಲಿ ಕಾಲು ಅದ್ದಿ, ಫೋಟೋ ಮುಗಿದ ಕೂಡಲೇ ಒಳಗೆ ಬಾರದೆ ಹಿಂತಿರುಗಿದಿರಿ. ಆಮೇಲೆ ಯಾವಳೋ ನಟಿಯ ಮದುವೆ ನಿಶ್ಚಯವಾಯಿತು, ಗಾಡಿಗಳು ಅತ್ತ ತಿರುಗಿದವು. ದಿನಕ್ಕೆ ಮೂರು ಸಲ ಬದಲಾಗುತ್ತಿದ್ದ ಔಷಧಿ ನೀರು ವಾರಕ್ಕೊಮ್ಮೆಯಾಗಿ, ಕೊನೆಗೆ ನಿಂತೇಹೋಯಿತು. ಈಗ ಆ ತಟ್ಟೆಯಲ್ಲಿ ಮಳೆನೀರು ನಿಲ್ಲುತ್ತದೆ, ಕೆರೆಯ ಕಾಡುಬಾತುಗಳು ಬಂದು ಕುಡಿದು, ಹಿಕ್ಕೆ ಹಾಕಿ ಹೋಗುತ್ತವೆ. ನಮ್ಮ ಕೋಳಿಗಳಿಗೆ ಮಾತ್ರ ಯಾರೂ ಸುದ್ದಿ ಮುಟ್ಟಿಸಿಲ್ಲ; ನಿನ್ನೆಯೂ ಹದಿನೇಳು ಸತ್ತವು.

ಹೀಗಿರುವಾಗ, ಅದೇ ಫಾರಂನಲ್ಲಿ ಮೊಟ್ಟೆ ವಿಂಗಡಿಸುವ ನನ್ನ ಅಕ್ಕನಿಗೆ ಕಣ್ಣು ಕೆಂಡದಂತಾಗಿ, ಜ್ವರ ಏರಿ, ಕೆಮ್ಮು ಹಿಡಿಯಿತು. ಆಸ್ಪತ್ರೆಯ ವೈದ್ಯೆ ಅವಳ ಕೆಲಸ ಯಾವುದೆಂದು ಕೇಳಿದವರೇ ಒಂದು ಹೆಜ್ಜೆ ಹಿಂದೆ ಸರಿದು, ಗಂಟಲಿನ ದ್ರವ ತೆಗೆದು, ಹಕ್ಕಿಜ್ವರ ನಿಗಾ ಘಟಕದ ಪತ್ರವಿಲ್ಲದೆ ಪ್ರಯೋಗಾಲಯದವರು ಇದನ್ನು ಮುಟ್ಟುವುದಿಲ್ಲ, ತಡವಾದಷ್ಟೂ ಅಪಾಯ, ಬೇಗ ತನ್ನಿ ಎಂದರು. ನಾನು ಓಡಿಬಂದೆ. ತಮ್ಮ ಗುಮಾಸ್ತರು ದಪ್ಪನೆಯ ರಿಜಿಸ್ಟರ್ ತೆರೆದು ತೋರಿಸಿದರು. ಪ್ರತಿದಿನ ಬೆಳಗ್ಗೆ ಪತ್ರಿಕೆಗಳಿಂದ ಹಕ್ಕಿಜ್ವರದ ಸುದ್ದಿಗಳನ್ನು ಕತ್ತರಿಸಿ ಅದರಲ್ಲಿ ಅಂಟಿಸುವುದು, ಮೂವತ್ತು ದಿನ ಒಂದೂ ತುಣುಕು ಸಿಗದಿದ್ದರೆ 'ಸಹಜ ಸ್ಥಿತಿ' ಎಂದು ಮೊಹರು ಒತ್ತುವುದು ತಮ್ಮಲ್ಲಿನ ಕ್ರಮವಂತೆ. ಮೊಹರು ಬಿದ್ದು ಹನ್ನೊಂದು ದಿನವಾಗಿತ್ತು. "ಪೇಪರಲ್ಲಿ ಬಂದಿಲ್ವಲ್ಲಪ್ಪಾ, ಬಂದಿದ್ರೆ ಇಲ್ಲಿ ಅಂಟಿಸಿರ್ತಿದ್ವಿ. ಇಲ್ಲದ ಕಾಯಿಲೆಗೆ ಪತ್ರ ಹೇಗೆ ಕೊಡೋದು ಹೇಳು" ಎಂದರು. ಪಾಪ, ಒಳ್ಳೆಯ ಮನುಷ್ಯ, ಕುಡಿಯಲು ನೀರನ್ನೂ ಕೊಟ್ಟರು.

ಈ ಕ್ರಮದ ಮುಂದೆ ನಾನು ತಲೆಬಾಗುತ್ತೇನೆ. ಇದನ್ನು ಅಗ್ನಿಶಾಮಕದವರಿಗೂ ಕಲಿಸಿಕೊಟ್ಟರೆ, ಉರಿಯುವ ಮನೆಯ ಚಿತ್ರ ಪತ್ರಿಕೆಯಲ್ಲಿ ಬರುವವರೆಗೂ ಅವರು ನೆಮ್ಮದಿಯಿಂದ ಚಹಾ ಕುಡಿಯಬಹುದು. ನನ್ನದೂ ಕೆಲವು ಸಣ್ಣ ಬಿನ್ನಹಗಳಿವೆ. ನಮ್ಮ ಎರಡನೇ ಶೆಡ್ಡಿಗೆ ದಿನಪತ್ರಿಕೆ ತರಿಸಿಕೊಡಬೇಕು. ಕೋಳಿಗಳಿಗೆ ಓದು ಬಾರದ ಕಾರಣ ತಾವೇ ಬಂದು, ಈ ಸಲವಾದರೂ ಒಳಗೆ ಕಾಲಿಟ್ಟು, ರೋಗ ಮುಗಿದಿದೆಯೆಂದು ಅವುಗಳಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಕೆರೆಯ ಬಾತುಗಳಿಗೆ ಒಂದು ಸುತ್ತೋಲೆ ಹೊರಡಿಸಬೇಕು. ಹೇಗೂ ಮೊಹರು ಕೈಯಲ್ಲಿರುವುದರಿಂದ, ಅಕ್ಕನ ಹಣೆಯ ಮೇಲೂ ಒಮ್ಮೆ 'ಸಹಜ ಸ್ಥಿತಿ' ಎಂದು ಒತ್ತಿಬಿಟ್ಟರೆ ಅವಳ ಜ್ವರ ಇಳಿದೀತು.

ಮಾನ್ಯರೇ, ಇಷ್ಟು ಹೊತ್ತು ವಿನಯದಿಂದ ಬರೆದೆ. ನಿಜ ಹೇಳಬೇಕೆಂದರೆ ನನಗೆ ಮೈಯೆಲ್ಲ ಉರಿಯುತ್ತಿದೆ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿ ಬೆಳೆಸಿದವಳು ಅವಳು. ಇಂದಿಗೆ ಆರನೇ ದಿನ, ಮಲಗಿದರೆ ಉಸಿರು ಸಿಕ್ಕುವುದಿಲ್ಲವೆಂದು ಗೋಡೆಗೆ ಒರಗಿ ಕೂತೇ ಇದ್ದಾಳೆ. ಊಟ ಕೊಡಲು ಹೋದರೆ "ಒಳಗೆ ಬರ್ಬೇಡ ಕಣೋ, ಬಾಗಿಲಲ್ಲೇ ಇಟ್ಟು ಹೋಗು" ಎನ್ನುತ್ತಾಳೆ. ತಮ್ಮ ಇಡೀ ಘಟಕಕ್ಕೆ ತಿಳಿಯದ ರೋಗನಿಯಂತ್ರಣ ಮೊಟ್ಟೆ ಆರಿಸುವ ಹೆಂಗಸಿಗೆ ತಿಳಿದಿದೆ.

ಆದ್ದರಿಂದಲೇ ಈ ಪತ್ರ ಬಹಿರಂಗವಾಗಿದೆ. ಪತ್ರಿಕೆಯ ಸಂಪಾದಕರ ಕೈಕಾಲು ಹಿಡಿದು ಇದನ್ನು ಅಚ್ಚು ಹಾಕಿಸಿದ್ದೇನೆ. ಗುಮಾಸ್ತರು ನೀರು ತರಲು ಎದ್ದಾಗ ರಿಜಿಸ್ಟರಿನ ಪುಟವನ್ನು ಗೇಣಿನಲ್ಲಿ ಅಳೆದುಕೊಂಡಿದ್ದೆ. ಎರಡೇ ಅಂಕಣದಲ್ಲಿ ಹಾಕಿಸಿರುವುದರಿಂದ ಮಡಿಸದೆಯೇ ಹಿಡಿಸುತ್ತದೆ. ಹಕ್ಕಿಜ್ವರ ಎಂಬ ಪದವೂ ಬೇಕಾದಷ್ಟು ಸಲ ಬಂದಿದೆ. ದಯಮಾಡಿ ಕತ್ತರಿಸಿ, ಅಂಟಿಸಿ, ರೋಗವನ್ನು ಮತ್ತೆ ಅಸ್ತಿತ್ವಕ್ಕೆ ತಂದು, ಗೋಂದು ಒಣಗುವುದನ್ನು ಕಾಯದೆ ಪ್ರಯೋಗಾಲಯಕ್ಕೆ ಒಂದು ಸಾಲಿನ ಪತ್ರ ಬರೆದುಕೊಡಿ. ತಮ್ಮ ಕಚೇರಿಯ ಬಾಗಿಲ ಬಳಿಯ ಬೆಂಚಿನ ಮೇಲೆ ಕಾದು ಕೂತಿರುತ್ತೇನೆ.

ತಮ್ಮ ರಿಜಿಸ್ಟರಿನಲ್ಲಿ ಜಾಗ ಸಿಗುವವರೆಗೆ ಇಲ್ಲದವನಾಗಿರುವ,
ತಮ್ಮ ವಿಶ್ವಾಸಿ,
ಎರಡನೇ ಶೆಡ್ಡಿನವನು

ಮರೆತ ಮಾತು: ಈ ಪತ್ರದ ಕೈಬರಹದ ಪ್ರತಿಯನ್ನು ಲಕೋಟೆಯಲ್ಲಿಟ್ಟು ತಮ್ಮ ಹೆಸರಿಗೂ ಕೊಟ್ಟಿದ್ದೇನೆ; ಪತ್ರಿಕೆಗಿಂತ ಒಂದು ದಿನ ಮೊದಲೇ ಅದು ತಮ್ಮ ಮೇಜಿಗೆ ಬಂದಿರುತ್ತದೆ. ಬರೆಯುವಾಗ ನನ್ನ ಎಡಗಣ್ಣಿನಿಂದ ನೀರು ಸುರಿಯುತ್ತಿತ್ತು, ನಾಲ್ಕಾರು ಸಲ ಕೆಮ್ಮೂ ಬಂತು. ಲಕೋಟೆಯನ್ನು ಬರಿಗೈಯಲ್ಲೇ ಒಡೆದಿದ್ದರೆ ತಾವು ಗಾಬರಿಯಾಗಬೇಕಿಲ್ಲ. ಆ ದಿನ ರೋಗ ಇನ್ನೂ ಪೇಪರಿನಲ್ಲಿ ಬಂದಿರಲಿಲ್ಲ.