ರುಬ್ಬುವ ಕಲ್ಲು ಮತ್ತು ಲೀಟರಿಗೆ ಹದಿನೆಂಟು

ಭದ್ರಾವತಿಯ ಕಡೆಗೆ ಮುಖ ಮಾಡಿ ನಿಂತ ಸರ್ಕಾರಿ ಗಾಡಿಯೊಂದು ಕಣ್ಣಿಗೆ ಬಿದ್ದರೆ ಶಿವಮೊಗ್ಗದವರಿಗೆ ಏನೇನೋ ನೆನಪಾಗುತ್ತದೆ. ನ್ಯೂ ಟೌನಿನಲ್ಲಿರುವ ಚಿಕ್ಕಮ್ಮ ನೆನಪಾಗುತ್ತಾರೆ. ಹೊಲಿಯಲು ಕೊಟ್ಟು ಮರೆತ ರವಿಕೆ ನೆನಪಾಗುತ್ತದೆ. ಹಬ್ಬಕ್ಕೆಂದು ತಂದು ವಾಪಸು ಕೊಡದೆ ಉಳಿದ ಇಡ್ಲಿ ಪಾತ್ರೆ ನೆನಪಾಗುತ್ತದೆ. ಅದರ ಹಿಂದೆಯೇ ಆ ಮಾತು ಬರುತ್ತದೆ: "ಹೇಗೂ ಗಾಡಿ ಹೋಗ್ತಿದೆಯಲ್ಲ?" ಈ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಗಾಡಿ ಹೋಗುತ್ತಿರುವುದು ನಿಜ, ಹಿಂದಿನ ಸೀಟು ಖಾಲಿ ಇರುವುದೂ ನಿಜ. ಖಾಲಿ ಸೀಟು ಇಟ್ಟುಕೊಂಡು ಒಬ್ಬರೇ ಹೋದರೆ ನಮ್ಮ ಕಡೆ ಅದಕ್ಕೆ ಜಂಬ ಅನ್ನುತ್ತಾರೆ. ಜಂಬ ಅನ್ನಿಸಿಕೊಳ್ಳುವುದಕ್ಕಿಂತ ಡೀಸೆಲ್ ಸುಡುವುದು ವಾಸಿ ಎಂದು ನಾವೆಲ್ಲ ನಂಬಿದ್ದೇವೆ.

ನಾನು ಶಿವಮೊಗ್ಗದ ಒಂದು ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಊರೂರಿನ ಹಾಸ್ಟೆಲುಗಳಿಗೆ ಹೋಗಿ ಅಕ್ಕಿ ಬೇಳೆ ನೋಡುವುದು, ಸಾರು ರುಚಿ ನೋಡುವುದು ನಮ್ಮ ಕೆಲಸ. ನಮ್ಮ ಹಳೆಯ ಜೀಪನ್ನು ವಯಸ್ಸಾಯಿತೆಂದು ಮೂಲೆಗೆ ತಳ್ಳಿದ ಮೇಲೆ ನಾನು ತಪಾಸಣೆಗೆಲ್ಲ ಬಸ್ಸಿನಲ್ಲೇ ಓಡಾಡುತ್ತಿದ್ದೆ. ಸೀಟು ಸಿಕ್ಕಿದರೆ ಪುಣ್ಯ, ಇಲ್ಲದಿದ್ದರೆ ಕಂಬಿ ಹಿಡಿದು ನಿಲ್ಲುವುದು. ನನ್ನ ಎರಡು ಮಂಡಿಗಳು ಒಂದಕ್ಕೊಂದು ಪೈಪೋಟಿಯಲ್ಲಿ ನೋಯುತ್ತಿದ್ದವು. ಹೀಗಿರುವಾಗ ಹೊಸ ಕಾರು ಕೊಳ್ಳಲು ಮೇಲಿನಿಂದ ಒಪ್ಪಿಗೆ ಬಂತು. ಜೊತೆಗೇ ಒಂದು ನಿಯಮವೂ ಬಂತು. ಇನ್ನು ಮೇಲೆ ಇಲಾಖೆ ಕೊಳ್ಳುವ ಕಾರು ಲೀಟರಿಗೆ ಹದಿನೆಂಟು ಕಿಲೋಮೀಟರಾದರೂ ಓಡಬೇಕು. ಕಂಪನಿಯವರು ಹೇಳುವುದನ್ನು ನಂಬಬಾರದು, ನೀವೇ ರಸ್ತೆಯ ಮೇಲೆ ಓಡಿಸಿ ನೋಡಬೇಕು. ಅವಕಾಶ ಎರಡೇ. ಎರಡರಲ್ಲೂ ಫೇಲಾದರೆ ಒಪ್ಪಿಗೆ ರದ್ದು. ಸಾಹೇಬರು ಈ ಪರೀಕ್ಷೆಯ ಹೊಣೆಯನ್ನು ನನಗೆ ವಹಿಸಿದರು. ನಾನು ಒಳಗೊಳಗೇ ಕುಣಿದೆ. ನನಗೆ ಆ ಕಾರು ಬೇಕಾಗಿತ್ತು. ಇಲಾಖೆಗೆ ಆಮೇಲೆ, ಮೊದಲು ನನ್ನ ಮಂಡಿಗೆ.

ಪರೀಕ್ಷೆಯ ವಿಧಾನ ಸರಳ. ಬಂಕಿನಲ್ಲಿ ಬಾಯಿಯವರೆಗೆ ಟ್ಯಾಂಕ್ ತುಂಬಿಸಬೇಕು, ಭದ್ರಾವತಿಗೆ ಹೋಗಿ ಬರಬೇಕು, ಮತ್ತೆ ಬಾಯಿಯವರೆಗೆ ತುಂಬಿಸಿ ಎಷ್ಟು ಹಿಡಿಯಿತೆಂದು ನೋಡಬೇಕು. ಶೋರೂಮಿನವರು ಬೆಳ್ಳಗಿನ ಕಾರನ್ನು ತಂದು ನಮ್ಮ ಕಚೇರಿಯ ಮುಂದೆ ನಿಲ್ಲಿಸಿದರು. ನಮ್ಮ ಡ್ರೈವರ್ ರುದ್ರೇಶ ಸ್ಟೀರಿಂಗಿಗೆ ಕೈ ಮುಗಿದು ಕೂತ. ಅಷ್ಟರಲ್ಲಿ ಟಪಾಲು ವಿಭಾಗದ ಗುಮಾಸ್ತರು ತಮ್ಮ ತಂದೆಯನ್ನು ಕರೆತಂದರು. "ಕಣ್ಣಿಗೆ ಆಪರೇಷನ್ ಆಗಿದೆ ಮೇಡಂ, ನ್ಯೂ ಟೌನಲ್ಲಿ ಮಗಳ ಮನೆಗೆ ಬಿಟ್ಟುಬಿಡಿ, ಹೇಗೂ ಗಾಡಿ ಹೋಗ್ತಿದೆಯಲ್ಲ." ಕಣ್ಣಿನ ಆಪರೇಷನ್ ಆದವರನ್ನು ಬಿಟ್ಟು ಹೋಗಲು ನಾನೇನು ರಾಕ್ಷಸಿಯೆ? ಭದ್ರಾವತಿಯ ಹಾಸ್ಟೆಲಿಗೆಂದು ಎರಡು ಮೂಟೆ ಅಕ್ಕಿ ಬಂತು. ಟೈಪಿಸ್ಟು ಮತ್ತವಳ ನಾದಿನಿ ಬಂದರು. ಇದೆಲ್ಲ ಬೇರೆಯವರ ಕೆಲಸ ಎಂದು ನಾನು ದೂರಬಹುದಿತ್ತು. ಆದರೆ ಗಾಡಿ ಗೋಪಾಳದ ನಮ್ಮ ಮನೆಯ ಮುಂದೆ ನಿಂತದ್ದು ನನ್ನ ಅಪ್ಪಣೆಯಿಂದ. ನಮ್ಮ ಹಿತ್ತಿಲಲ್ಲಿ ಅಮ್ಮನ ಕಾಲದ ರುಬ್ಬುವ ಕಲ್ಲು ಬಿದ್ದಿತ್ತು. ಭದ್ರಾವತಿಯ ಜನ್ನಾಪುರದಲ್ಲಿರುವ ನನ್ನ ಅಕ್ಕ ಅದನ್ನು ವರ್ಷಗಳಿಂದ ಕೇಳುತ್ತಿದ್ದಳು. ರುದ್ರೇಶನೂ ನಮ್ಮ ಯಜಮಾನರೂ ಸೇರಿ ಏದುಸಿರು ಬಿಡುತ್ತ ಅದನ್ನು ಡಿಕ್ಕಿಗೆ ಹಾಕಿದರು. ಗಾಡಿಯ ಹಿಂಭಾಗ ಕೂತೇಬಿಟ್ಟಿತು.

ಜನ್ನಾಪುರದಲ್ಲಿ ಅಕ್ಕ ಕಲ್ಲನ್ನು ಕಂಡು ಕಣ್ಣಲ್ಲಿ ನೀರು ತಂದುಕೊಂಡಳು. ಕಾಫಿ ಕುಡಿಯದೆ ಬಿಡಲಿಲ್ಲ. ಕಾಫಿಗೆ ಮೊದಲು ಉಪ್ಪಿಟ್ಟು ತಿನ್ನದೆ ಬಿಡಲಿಲ್ಲ. ಆಪರೇಷನ್ ಆದ ಹಿರಿಯರು ಬಿಸಿಲಿಗೆ ಇಳಿಯಬಾರದೆಂದು ಅವರನ್ನು ಗಾಡಿಯಲ್ಲೇ ಕೂರಿಸಿ, ಎಂಜಿನ್ ಆರಿಸದೆ ಎಸಿ ಹಾಕಿಟ್ಟೆವು. ಅವರು ಸುಖವಾಗಿ ನಿದ್ದೆ ಹೋದರು. ಆ ಸುಖಕ್ಕೂ ಡೀಸೆಲ್ ಬೇಕು ಎಂಬುದು ನನ್ನ ತಲೆಗೇ ಹೋಗಲಿಲ್ಲ. ವಾಪಸು ಬರುವಾಗ ಅಕ್ಕ ಸುಮ್ಮನೆ ಕಳಿಸುವವಳಲ್ಲ, ಡಿಕ್ಕಿ ತುಂಬ ತೆಂಗಿನಕಾಯಿ ಹಾಕಿಸಿದಳು.

ಬಂಕಿನಲ್ಲಿ ಲೆಕ್ಕ ಮಾಡಿದಾಗ ಲೀಟರಿಗೆ ಹದಿಮೂರು ಬಂತು. ರುದ್ರೇಶ ಮೀಟರನ್ನೇ ನೋಡುತ್ತ ಹೇಳಿದ, "ಲಾರಿ ತಗೊಳ್ಳೋದಾಗಿದ್ರೆ ಪಾಸಾಗ್ತಿತ್ತು ಬಿಡಿ ಮೇಡಂ." ಸಾಹೇಬರು ಬಯ್ಯಲಿಲ್ಲ. ಬೈದಿದ್ದರೆ ವಾಸಿ ಇತ್ತು. "ಇನ್ನೊಂದೇ ಚಾನ್ಸ್ ಇರೋದು ಮೇಡಂ," ಎಂದಷ್ಟೇ ಹೇಳಿ ಫ್ಯಾನಿನ ಕಡೆ ನೋಡಿದರು.

ಆ ಸಂಜೆ ಮನೆಯಲ್ಲಿ ನಮ್ಮ ಯಜಮಾನರಿಗೆ ಹಬ್ಬ. ಇಳಿಜಾರು ಕಂಡರೆ ಸ್ಕೂಟರಿನ ಎಂಜಿನ್ ಆಫ್ ಮಾಡುವ ಜೀವ ಅದು. ಎದುರು ಗಾಳಿ ಇದ್ದರೆ ಹಿಂದೆ ಕೂತ ನನಗೂ ಬಗ್ಗಿ ಕೂರಲು ಹೇಳುತ್ತಾರೆ. "ನಾನೂ ಜೊತೆಗೆ ಬರ್ತೀನಿ, ರುದ್ರೇಶನಿಗೆ ಹೇಳ್ಕೊಡ್ತೀನಿ," ಎಂದು ಹೊರಟು ನಿಂತರು. "ನಿಮ್ಮ ತೂಕ ಎಷ್ಟು?" ಎಂದೆ. ಮದುವೆಯಾದ ಮೇಲೆ ನಾನು ಅವರಿಗೆ ಆ ಪ್ರಶ್ನೆ ಕೇಳಿದ್ದು ಅದೇ ಮೊದಲು. ಅವರು ಮುಖ ಊದಿಸಿಕೊಂಡು ಪೇಪರಿನ ಹಿಂದೆ ಹೋದರು.

ಎರಡನೆಯ ಪರೀಕ್ಷೆಯ ದಿನ ನಾನು ಬೇರೆಯೇ ಹೆಂಗಸು. ಹೇಗೂ ಗಾಡಿ ಹೋಗ್ತಿದೆಯಲ್ಲ ಎಂದು ಬಂದವರಿಗೆಲ್ಲ "ಇವತ್ತು ಹೋಗ್ತಾ ಇಲ್ಲ, ಓಡ್ತಾ ಇದೆ ಅಷ್ಟೆ" ಎಂದುಬಿಟ್ಟೆ. ಗಾಡಿಯಲ್ಲಿ ನಾನು, ರುದ್ರೇಶ, ಇಬ್ಬರೇ. ಎಸಿ ಬಂದ್. ಮೊದಲು ಹೋದ ದಾರಿಯಲ್ಲೇ ಹೋಗಬೇಕೆಂದು ನಿಯಮವಿದ್ದುದರಿಂದ ಜನ್ನಾಪುರದ ಆ ಬೀದಿಗೂ ಹೋಗಲೇಬೇಕಾಯಿತು. ಬರುತ್ತೇವೆಂದು ಅಕ್ಕನಿಗೆ ಯಾರು ಹೇಳಿದರೋ, ಗೇಟಿನಲ್ಲಿ ಲೋಟ ಹಿಡಿದು ನಿಂತಿದ್ದಳು. "ನಿಲ್ಲಿಸ್ಲಾ ಮೇಡಂ?" ಎಂದ ರುದ್ರೇಶ. "ಬೇಡ, ನೀನು ಮುಂದೆ ನೋಡು," ಎಂದೆ. ಗಾಡಿ ಅಕ್ಕನನ್ನು ದಾಟಿ ಸದ್ದಿಲ್ಲದೆ ಹೋಯಿತು. ಐದು ನಿಮಿಷಕ್ಕೆ ಫೋನು ಬಂತು.

"ಏನೇ ಸುಮಿ, ಕಾಫಿ ಹಿಡ್ಕೊಂಡು ನಿಂತಿದ್ರೆ ಕಣ್ಣೆತ್ತಿಯೂ ನೋಡ್ದೆ ಹೋದ್ಯಲ್ಲ ಮಾರಾಯ್ತಿ."

"ನಿಲ್ಸಿದ್ರೆ ಮೈಲೇಜ್ ಬೀಳುತ್ತೆ ಅಕ್ಕ."

"ನಿನ್ನ ಮೈಲೇಜಿಗಿಷ್ಟು ಬೆಂಕಿ ಹಾಕ. ಕಲ್ಲು ಹೊತ್ಕೊಂಡು ಬಂದಾಗ ಅದೆಲ್ಲಿ ಹೋಗಿತ್ತು?"

ಬಂಕಿನಲ್ಲಿ ಹತ್ತೊಂಬತ್ತು ಬಂತು. ನಾನೂ ರುದ್ರೇಶನೂ ಮಕ್ಕಳ ಹಾಗೆ ನಕ್ಕೆವು. ಕಚೇರಿಯಲ್ಲಿ ಮೈಸೂರು ಪಾಕು ಹಂಚಿದರು, ಟೈಪಿಸ್ಟಿನ ನಾದಿನಿಗೂ ಒಂದು ತುಂಡು ಹೋಯಿತು. ಹೊಸ ಕಾರು ಬಂದ ದಿನ ಚಕ್ರದಡಿಗೆ ನಿಂಬೆಹಣ್ಣಿಟ್ಟು ಪೂಜೆ ಮಾಡಿದೆವು. ಆಮೇಲೆ ಸಾಹೇಬರು ನನ್ನನ್ನು ಕರೆದು, "ತಿಂಗಳು ತಿಂಗಳೂ ಈ ಮೈಲೇಜ್ ತೋರಿಸ್ಬೇಕಂತೆ ಮೇಡಂ. ನಿಮ್ಮಷ್ಟು ಕಟ್ಟುನಿಟ್ಟು ಇಲ್ಲಿ ಯಾರಿದ್ದಾರೆ, ನೀವೇ ಒಂದು ಆದೇಶ ಬರೆದುಕೊಡಿ," ಎಂದರು. ಹೊಗಳಿಕೆಯ ಬಿಸಿಯಲ್ಲಿ ನಾನು ಬರೆದೆ. ಸಾಹೇಬರು ಮತ್ತು ಒಬ್ಬ ಸಹಾಯಕರ ಹೊರತು ಯಾರೂ ಹತ್ತಬಾರದು, ದಾರಿಯಲ್ಲಿ ಯಾರಿಗಾಗಿಯೂ ನಿಲ್ಲಿಸಬಾರದು. ಆ ಒಬ್ಬ ಸಹಾಯಕಿ ನಾನೇ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಸಾಹೇಬರು ಹೊಸದಾಗಿ ಸೇರಿದ ರಮ್ಯಾಳನ್ನು ಕರೆದುಕೊಂಡರು. ಲ್ಯಾಪ್‌ಟಾಪು ಬಲ್ಲವಳು, ಊದಿದರೆ ಹಾರಿಹೋಗುವ ಹಾಗಿದ್ದಾಳೆ. "ನೀವು ಬಸ್ಸಲ್ಲಿ ಬಂದ್ಬಿಡಿ ಮೇಡಂ," ಎಂದರು ಸಾಹೇಬರು, ಬಹಳ ವಿನಯದಿಂದ.

ಹೋದ ವಾರ ಭದ್ರಾವತಿಯ ಹಾಸ್ಟೆಲಿಗೆಂದು ಬಸ್‌ಸ್ಟಾಪಿನಲ್ಲಿ ನಿಂತಿದ್ದೆ. ನನ್ನ ಕಾರು ಬಂತು. ಸಾಹೇಬರು ಹಿಂದೆ ಫೋನಿನಲ್ಲಿ ಮುಳುಗಿದ್ದರು. ಗಾಡಿ ನಿಧಾನವಾದದ್ದು ಕಂಡು ನನ್ನ ಮಂಡಿಗಳೇ ನಕ್ಕವು. ಗಾಜು ಇಳಿಯಿತು. "ಪೂರ್ತಿ ನಿಲ್ಸೋ ಹಾಗಿಲ್ಲ ಮೇಡಂ, ನೀವೇ ಬರ್ದಿದ್ದು," ಎಂದ ರುದ್ರೇಶ ಸಂಕಟದಿಂದ, "ಭಾರ ಇಲ್ದಿದ್ರೆ ಬ್ಯಾಗ್ ಕೊಡಿ, ತಗೊಂಡು ಹೋಗಿರ್ತೀನಿ." ಏನೋ ಒಂದಾದರೂ ಕಾರಿನಲ್ಲಿ ಹೋಗಲಿ ಎಂಬ ಆಸೆಗೆ ಕೊಟ್ಟೆ. ಬಸ್ಸು ಹತ್ತಿದ ಮೇಲೆ ಕಂಡಕ್ಟರ್ ಉಚಿತ ಟಿಕೆಟಿಗೆ ಆಧಾರ್ ಕೇಳಿದ. ಆಧಾರು, ಪರ್ಸು, ಫೋನು, ಎಲ್ಲ ಬ್ಯಾಗಿನಲ್ಲಿ. "ಬ್ಯಾಗ್ ನಮ್ಮ ಆಫೀಸ್ ಕಾರಲ್ಲಿ ಮುಂದೆ ಹೋಯ್ತಪ್ಪ," ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಬ್ಯಾಗ್ ಹೋದ ಕಾರಲ್ಲಿ ನಿಮಗೆ ಜಾಗ ಇರ್ಲಿಲ್ವಾ ಮೇಡಂ?"

"ಜಾಗ ಬೇಕಾದಷ್ಟಿತ್ತು," ಎಂದೆ ಕಂಬಿ ಹಿಡಿದುಕೊಂಡು. "ಮೈಲೇಜ್ ಇರಲಿಲ್ಲ."